ಕೋಣೆಗೊಂದು ಪಾಯಿಂಟು

ವೈಫೈ ಕಂಡುಹಿಡಿದವರು ಮಲೆನಾಡಿನ ಮಣ್ಣಿನ ಗೋಡೆ ನೋಡಿರಲಿಕ್ಕಿಲ್ಲ. ನಮ್ಮಜ್ಜ ಒಂದೂವರೆ ಅಡಿ ದಪ್ಪದ ಗೋಡೆ ಕಟ್ಟಿಸಿದ್ದು ಬೇಸಿಗೆಯ ಧಗೆಯೂ ಮಳೆಗಾಲದ ಥಂಡಿಯೂ ಒಳಗೆ ಬರಬಾರದೆಂದು. ಎರಡೂ ಬರಲಿಲ್ಲ. ಈಗ ಇಂಟರ್ನೆಟ್ಟೂ ಬರುವುದಿಲ್ಲ. ಜಗಲಿಯವರೆಗೆ ಫೈಬರ್ ಬಂದು, ಪೆಟ್ಟಿಗೆಯೊಂದು ಹಸಿರು ದೀಪ ಮಿನುಗಿಸುತ್ತ ಕೂತಿದೆ. ನಡುಮನೆ ದಾಟುವಷ್ಟರಲ್ಲಿ ಅದರ ಉಸಿರು ನಿಲ್ಲುತ್ತದೆ. ಉಪ್ಪರಿಗೆಯಲ್ಲಿ ಕೂತು ಬೆಂಗಳೂರಿನ ಕಚೇರಿ ಕೆಲಸ ಮಾಡುವ ಮಗ ಮೀಟಿಂಗಿನ ನಡುವೆ ಬಾಯಿ ತೆರೆದಲ್ಲೇ ಕಲ್ಲಾಗುತ್ತಾನೆ. ಕೋಣೆಕೋಣೆಗೂ ತಂತಿ ಎಳೆಸುವುದೆಂದು ತೀರ್ಮಾನವಾಯಿತು.

ಪಕ್ಕದ ಮನೆಯ ಚಿಕ್ಕಪ್ಪ ಓಡಿಬಂದರು. “ಅಪ್ಪ ಕಟ್ಟಿಸಿದ ಗೋಡೆಗೆ ತೂತು ಕೊರೀತೀರೇನೋ? ಇಂಟರ್ನೆಟ್ ಇಲ್ದೆ ನಾವೇನು ಸತ್ತೋದ್ವಾ?” ಕೊನೆಗೆ ತೂತು ಆದಷ್ಟೂ ಕಡಿಮೆ, ಉಳಿದದ್ದು ಅಟ್ಟದ ಮೇಲೆ, ಇಲಿ ಕಡಿಯದಂತೆ ಪೈಪಿನೊಳಗೆ, ಕರೆಂಟ್ ವೈರಿನಿಂದ ದೂರ ಎಂದು ರಾಜಿಯಾಯಿತು. ಎಲ್ಲೆಲ್ಲಿ ಪಾಯಿಂಟು ಎಂಬುದು ಮಾತ್ರ ಆಸ್ತಿ ಪಾಲಿನಷ್ಟೇ ತಕರಾರಿನ ವಿಷಯ. ಹೆಂಡತಿಗೆ ಅಡುಗೆಮನೆಯಲ್ಲಿ ಬೇಕು. ಅಮ್ಮ, “ದೇವರ ಕೋಣೆಗೆ ಬೇಡ, ಅದನ್ನ ನನ್ನ ಕೋಣೆಗೆ ಹಾಕು” ಎಂದರು, ದೇವರಿಗೆ ಆಗಲೇ ಮಂಜೂರಾಗಿತ್ತೇನೋ ಎಂಬಂತೆ. ಗಬ್ಬದ ದನವನ್ನು ರಾತ್ರಿ ಫೋನಿನಲ್ಲೇ ನೋಡಲು ನನಗೆ ಕೊಟ್ಟಿಗೆಯಲ್ಲೊಂದು ಕ್ಯಾಮೆರಾ ಬೇಕಿತ್ತು. ಈ ತಂತಿ ನೂರು ಮೀಟರ್ ಓಡುತ್ತದೆ, ಕೊಟ್ಟಿಗೆ ಅಷ್ಟು ದೂರವಿಲ್ಲ. ಆದರೆ ಎಲೆಕ್ಟ್ರಿಷಿಯನ್ ಹುಡುಗ ತಲೆಯಾಡಿಸಿದ: “ಅಂಗಳದಲ್ಲಿ ತಾಮ್ರ ಎಳೀಬೇಡಿ ಅಣ್ಣ, ಸಿಡಿಲನ್ನ ಕೈಹಿಡಿದು ಒಳಗೆ ಕರ್ಕೊಂಡು ಬಂದಂಗೆ. ಅಲ್ಲಿಗೆ ಫೈಬರೇ ಆಗಬೇಕು.” ಗುಡುಗು ಕೇಳಿದೊಡನೆ ಮನೆಯ ಪ್ಲಗ್ಗುಗಳನ್ನೆಲ್ಲ ಕಿತ್ತಿಡುವ ಊರಿನಲ್ಲಿ ಇದಕ್ಕೆ ಎದುರುವಾದವಿಲ್ಲ.

ಹುಡುಗ ಜಾಣ. ಅಂಗಡಿಯಿಂದ ತಂದ ಕ್ಯಾಟ್ ಸಿಕ್ಸ್ ಎಂಬ ನೆಟ್‌ವರ್ಕ್ ತಂತಿ ಸುರುಳಿಯ ತುದಿಯನ್ನು ಬ್ಲೇಡಿನಿಂದ ಹೆರೆದ. ಕೆಂಪಿನ ಕೆಳಗೆ ಬಿಳಿ ಕಂಡಿತು: ತಾಮ್ರ ಲೇಪಿಸಿದ ಅಲ್ಯುಮಿನಿಯಂ. ವಾಪಸ್ ಕಳಿಸಿ ಅಪ್ಪಟ ತಾಮ್ರದ್ದೇ ತರಿಸಿದ.

ತಂತಿಯ ಹೊಟ್ಟೆ ಬಗೆದರೆ ಒಳಗೆ ನಾಲ್ಕು ದಂಪತಿಗಳು. ಕಿತ್ತಳೆ, ಹಸಿರು, ನೀಲಿ, ಕಂದು. ಪ್ರತಿಯೊಂದಕ್ಕೂ ಅದೇ ಬಣ್ಣದ ಪಟ್ಟೆಯ ಬಿಳಿ ಸಂಗಾತಿ, ಪರಸ್ಪರ ಹೊಸೆದುಕೊಂಡು. ಈ ಹೊಸೆತ ಬರೀ ಪ್ರೀತಿಯಲ್ಲ. ಹೊರಗಿನ ಗದ್ದಲ ಇಬ್ಬರಿಗೂ ಸಮನಾಗಿ ತಾಗಿ ಕೊನೆಯಲ್ಲಿ ವಜಾ ಆಗಿಹೋಗುತ್ತದೆ. 1881ರಲ್ಲೇ ಗ್ರಹಾಂ ಬೆಲ್ ಈ ಉಪಾಯಕ್ಕೆ ಪೇಟೆಂಟ್ ಪಡೆದಿದ್ದ. ಜ್ಯಾಕಿಗೆ ಸೇರಿಸುವಾಗ ಮೂರು ಜೋಡಿ ಅಕ್ಕಪಕ್ಕ ಕೂರುತ್ತವೆ. ಹಸಿರು ಜೋಡಿಯನ್ನು ಮಾತ್ರ ಅಗಲಿಸಿ ನಡುವೆ ನೀಲಿಯವರನ್ನು ಕೂರಿಸಬೇಕು. ಯಾಕಪ್ಪಾ ಈ ಅನ್ಯಾಯ ಎಂದರೆ, ನಡುವಿನ ಎರಡು ಜಾಗ ಹಳೇ ಟೆಲಿಫೋನ್ ಲೈನಿಗೆ ಮೀಸಲಂತೆ. ಲ್ಯಾಂಡ್‌ಲೈನ್ ನಮ್ಮ ಮನೆಯಿಂದ ಎಂದೋ ಎದ್ದುಹೋಯಿತು, ಮಣೆ ಮಾತ್ರ ಹಾಕಿಯೇ ಇದೆ. ನೀಲಿ, ಕಂದು ಜೋಡಿಗಳಲ್ಲಿ ಒಂದು ತಂತಿ ಮುನಿಸಿಕೊಂಡರೂ ಸಾವಿರ ಎಂಬಿಪಿಎಸ್ ಓಡಬೇಕಾದದ್ದು ನೂರಕ್ಕಿಳಿಯುತ್ತದೆ, ಯಾಕೆಂದರೆ ನೂರಕ್ಕೆ ಕಿತ್ತಳೆ, ಹಸಿರಿನ ನಾಲ್ಕೇ ತಂತಿ ಸಾಕು.

ಟೆಸ್ಟರಿನಲ್ಲಿ ಎಂಟೂ ದೀಪ ಸರದಿಯಂತೆ ಹತ್ತಿದವು. ಅಮ್ಮ ತಮ್ಮ ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. “ಇದಕ್ಕೆ ಎಲ್ಲಿ ಸಿಕ್ಕಿಸೋದು?”

ಫೋನಿಗೆ ಅಂಥ ತೂತೇ ಇಲ್ಲ. ಮನೆಯಲ್ಲಿರುವುದು ಬಹುಪಾಲು ಫೋನುಗಳೇ. ಹುಡುಗ ಗಂಭೀರವಾಗಿ ಹೇಳಿದ: “ಪ್ರತಿ ಪಾಯಿಂಟಿಗೂ ಒಂದೊಂದು ವೈಫೈ ಡಬ್ಬ ಹಾಕೋದು ಅಜ್ಜೀ.” ಅಂದರೆ ವೈರ್‌ಲೆಸ್ ಬೇಕಾದರೆ ಮೊದಲು ವೈರು ಬೇಕು. ಮತ್ತೆ ಅಂಗಡಿಗೆ ಹೋದೆ.

ಅಮ್ಮನ ಕೋಣೆಯ ಕಿಟಕಿ ತೆರೆದರೆ ಎದುರಿಗೆ ಚಿಕ್ಕಪ್ಪನ ಜಗಲಿ. ಗೋಡೆ ತಡೆದದ್ದನ್ನು ಕಿಟಕಿ ತಡೆಯಲಿಲ್ಲ. ಚಿಕ್ಕಪ್ಪ ಫೋನು ಹಿಡಿದು ಸರಳಿನ ಹತ್ತಿರ ನಿಂತರು. “ಅತ್ತಿಗೇ, ಪಾಸ್‌ವರ್ಡ್ ಏನು?”

ಅಮ್ಮ ಹೇಳಿಕೊಟ್ಟರು. “ಇದು ಇವತ್ತಿಂದು. ನಾಳೆದು ಬೇಕಾದ್ರೆ ನಿಮ್ಮನೆ ಹಿತ್ತಲಿಂದ ಒಂದು ಹಲಸಿನಕಾಯಿ ತಗೊಂಡು ಬಾ.”