ಫಿಯಟ್ ರಾಯರು

ಬೆಂಗಳೂರು, ಮೈಸೂರಿನ ಹಳೇ ಬಡಾವಣೆಗಳಲ್ಲಿ ಹುಡುಕಿದರೆ ಒಬ್ಬರಾದರೂ ಫಿಯಟ್ ರಾಯರು ಸಿಗುತ್ತಾರೆ. ಬ್ಯಾಂಕಿನಿಂದ ನಿವೃತ್ತರು. ಪೋರ್ಟಿಕೋದಲ್ಲಿ ಟಾರ್ಪಾಲಿನ್ ಹೊದ್ದ ಗಾಡಿ, ಜೇಬಿನಲ್ಲಿ ಪೆನ್ನಿರಬೇಕಾದ ಕಡೆ ಒಂದು ಮ್ಯಾಗ್ನೆಟ್. ಗಾಡಿ ಅಪ್ಪನ ಕಾಲದ ಪ್ರೀಮಿಯರ್ ಪದ್ಮಿನಿ. 1974ರಲ್ಲೇ ಕಂಪನಿಯವರು ಹಾಗೆಂದು ನಾಮಕರಣ ಮಾಡಿದರೂ ರಾಯರು ಇನ್ನೂ ಒಪ್ಪಿಲ್ಲ. ಫಿಯಟ್ ಅಂದರೆ ಫಿಯಟ್.

"ಏನ್ ರಾಯರೇ, ಪೇಂಟ್ ಆಯ್ತಾ?" ಎಂದಿರೋ, ನಿಮ್ಮ ಬೆಳಗಿನ ಕೆಲಸಗಳೆಲ್ಲ ಕೆಟ್ಟವು.

"ಪೇಂಟಾ? ಅದನ್ನ ಯಾವನು ಬೇಕಾದ್ರೂ ಹೊಡೀತಾನೆ ಸ್ವಾಮಿ. ಒಳಗೆ ತಗಡು ಹೇಗಿದೆ ಅಂತ ಕೇಳಿ."

ನೀವು ಕೇಳುವುದಿಲ್ಲ, ಅವರು ತೋರಿಸುತ್ತಾರೆ. ಬಂದವರಿಗೆ ತೋರಿಸಲೆಂದೇ ಒಂದು ಬಾಗಿಲನ್ನು ಕೆರೆಸದೆ ಉಳಿಸಿಕೊಂಡಿದ್ದಾರೆ. ಮೇಲ್ಭಾಗಕ್ಕೆ ಮ್ಯಾಗ್ನೆಟ್ ಹಚ್ಚಿದರೆ ಟಪ್ಪನೆ ಕಚ್ಚುತ್ತದೆ. ಕೆಳಗೆ ಹಚ್ಚಿದರೆ ಜಾರಿ ಬೀಳುತ್ತದೆ, ಅಲ್ಲಿರುವುದು ಬರೀ ಪುಟ್ಟಿ. ಅಂಚನ್ನು ಎಮರಿ ಕಾಗದದಲ್ಲಿ ಉಜ್ಜಿ ಪದರ ಪದರವಾಗಿ ವಂಶಚರಿತ್ರೆ ತೆರೆಯುತ್ತಾರೆ: ಬೂದು ಬಣ್ಣ ಚಿಕ್ಕಪ್ಪನ ಮಗ ಗುದ್ದಿಸಿದ ಮೇಲೆ ಹೊಡೆಸಿದ್ದು, ಅದರಡಿಯ ಮರೂನ್ ತಂಗಿಯ ಮದುವೆಗೆ, ಎಲ್ಲಕ್ಕಿಂತ ಕೆಳಗೆ ಕೆನೆಬಣ್ಣ. ಅಲ್ಲಿಗೆ ಬಂದಾಗ ರಾಯರ ದನಿ ಗದ್ಗದ. "ಫ್ಯಾಕ್ಟರಿ ಬಣ್ಣ! ಕುರ್ಲಾದ್ದು!"

ತುಕ್ಕಿನ ವಿಷಯದಲ್ಲಿ ಮಾತ್ರ ಅವರು ಹೇಳುವುದನ್ನು ಕೇಳಬೇಕು, ಅದು ನಿಜ. ಬಾಗಿಲ ಅಡಿಯಲ್ಲಿ ನೀರಿಳಿಯಲು ಸಣ್ಣ ತೂತುಗಳಿರುತ್ತವೆ. ಧೂಳು, ಹಳೇ ಬಣ್ಣ ಸೇರಿ ಅವು ಮುಚ್ಚಿದರೆ ಗಾಜಿನ ಸಂದಿಯಿಂದ ಇಳಿದ ಮಳೆನೀರು ಒಳಗೇ ನಿಂತು ತಗಡನ್ನು ತಿನ್ನುತ್ತದೆ. ಹೊರಗೆ ಕಾಣುವುದು ಸಾಸಿವೆಯಷ್ಟು ಗುಳ್ಳೆ, ಸ್ಕ್ರೂಡ್ರೈವರ್ ಒತ್ತಿದರೆ ಆಚೆ ಕಡೆಗೆ ಹೋಗುತ್ತದೆ. ಕಾಲಡಿಯ ರಬ್ಬರ್ ಮ್ಯಾಟ್ ಎತ್ತಿದರೆ ಸೀದಾ ಪೋರ್ಟಿಕೋದ ರೆಡ್‌ಆಕ್ಸೈಡ್ ನೆಲ ಕಾಣುತ್ತದೆ.

ಕೊಳೆತದ್ದನ್ನು ಕತ್ತರಿಸಿ ಹೊಸ ತಗಡು ಬೆಸೆಯುವವನು ಟಿಂಕರ್ ಭಾಯಿ. ಒಳಗಡೆ ಕಬ್ಬಿಣದ ಡಾಲಿ ಒತ್ತಿಹಿಡಿದು ಹೊರಗಿನಿಂದ ಸುತ್ತಿಗೆಯಲ್ಲಿ ಕುಟ್ಟಿ ನೆಗ್ಗು ತೆಗೆಯುತ್ತಾನೆ. ರಾಯರು ಕಣ್ಣು ಮುಚ್ಚಿ ಅಂಗೈ ಸವರುತ್ತಾರೆ.

"ಭಾಯಿ, ಇಲ್ಲೊಂದು ನೂಲು ತಗ್ಗಿದೆ."

"ಸಾರ್, ಅದು ಕಂಪ್ನಿಯಿಂದಾನೇ ಹಂಗ್ ಬಂದಿರೋದು."

"ಹಾಗಾದ್ರೆ ಇರಲಿ, ಮುಟ್ಟಬೇಡ!"

ಕೆರೆದ ತಗಡನ್ನು ಬರಿಗೈಯಲ್ಲಿ ಮುಟ್ಟಿದರೆ ಬೆವರಿನ ಗುರುತೇ ತುಕ್ಕಾಗುತ್ತದೆ, ಅದೇ ದಿನ ಪ್ರೈಮರ್ ಬೀಳಬೇಕು. ಭಾಯಿ ಪ್ರೈಮರ್ ತರಲು ಹೋದವನು ಸಂಜೆಯಾದರೂ ಬರಲಿಲ್ಲ. ಅಷ್ಟರಲ್ಲಿ ರಾಯರ ಮಡದಿ ಒಳ್ಳೇ ಬಿಸಿಲಿದೆಯೆಂದು ಬಾನೆಟ್ಟಿನ ಮೇಲೆ ಪಂಚೆ ಹಾಸಿ ಸಂಡಿಗೆ ಇಟ್ಟರು. ಹಿಟ್ಟಿನ ಉಪ್ಪುನೀರು ಪಂಚೆಯಿಂದ ಇಳಿದು ತಗಡಿನ ಮೇಲೆ ಸಾಲುಸಾಲು ಕಂದು ಚುಕ್ಕಿ ಮೂಡಿಸಿತು. ಮತ್ತೆ 80ನೇ ನಂಬರ್ ಕಾಗದದಿಂದ ಶುರು. ಸಂಡಿಗೆ ಚೆನ್ನಾಗಿತ್ತು, ನಾನೇ ತಿಂದಿದ್ದೇನೆ.

ಧರ್ಮಸ್ಥಳದ ಕಾರು ಸಂಗ್ರಹಾಲಯಕ್ಕೆ ಹೋದಾಗ ಆಕೆ ಗಂಡನ ಕೈ ಬಿಡಲೇ ಇಲ್ಲ. ಎಂಥ ಅನ್ಯೋನ್ಯ ದಾಂಪತ್ಯ ಎಂದುಕೊಂಡರು ಜನ. ಆ ಕೈಯಲ್ಲಿ ಮ್ಯಾಗ್ನೆಟ್ ಇತ್ತು.

ಪೇಂಟಿಗೆ ಮುಹೂರ್ತ ಮಾತ್ರ ಕೂಡಿಬರುವುದಿಲ್ಲ. ಮಳೆಗಾಲದಲ್ಲಿ ತೇವಕ್ಕೆ ಬಣ್ಣ ಬಿಳಿಚುತ್ತದೆ, ಬೇಸಿಗೆಯಲ್ಲಿ ಥಿನ್ನರ್ ಬೇಗ ಆರಿ ಮೈ ಒರಟಾಗುತ್ತದೆ, ನಡುವಿನ ದಿನಗಳಲ್ಲಿ ಎದುರು ಸೈಟಿನವರು ಮನೆ ಕಟ್ಟಿಸಿ ಧೂಳೆಬ್ಬಿಸುತ್ತಾರೆ. ಹೀಗೆ ಪ್ರೈಮರ್‌ನಲ್ಲೇ ನಿಂತು ಗಾಡಿಗೆ ಐವತ್ತು ತುಂಬಿತು. 2021ರ ಕೇಂದ್ರದ ನಿಯಮದಂತೆ ಐವತ್ತು ದಾಟಿದ್ದು ವಿಂಟೇಜ್, ಆದರೆ ಚಾಸಿ, ಬಾಡಿ, ಎಂಜಿನ್ನಿನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. "ಅರ್ಧ ಬಾಡಿ ನಾನೇ ಮಾಡಿದ್ದು ಸಾರ್," ಎಂದು ಭಾಯಿ ಹೆಮ್ಮೆಯಿಂದ ಬಾಯಿ ತೆರೆದಾಗ ರಾಯರು ಗದರಿ ಕಾಫಿಗೆ ಕಳಿಸಿದರು.

ಮೊನ್ನೆ ಗುಜರಿಯಿಂದ ಇನ್ನೊಂದು ಫಿಯಟ್ ಎಳೆದು ತಂದಿದ್ದಾರೆ, ಬರೀ ಬಾಗಿಲಿಗಾಗಿ. ಕೆರೆಸದೆ ಉಳಿಸಿದ್ದರಲ್ಲ, ಅದರ ಜಾಗಕ್ಕೆ. ಬಾಗಿಲು ಬಿಚ್ಚುವ ಮುಂಚೆ ಸುಮ್ಮನೆ ಮ್ಯಾಗ್ನೆಟ್ ಹಿಡಿದು ಸುತ್ತ ಒಂದು ಪ್ರದಕ್ಷಿಣೆ ಬಂದರು. ಎಲ್ಲ ಕಡೆಯೂ ಕಚ್ಚಿತು.

"ಭಾಯಿ," ಎಂದರು, "ಇದರ ತಗಡು ಅದಕ್ಕಿಂತ ಗಟ್ಟಿ ಕಣಯ್ಯ. ಇದನ್ನೇ ಮೊದಲು ಕೆರೆಯೋಣ."