ಲೇಬಲ್ ಅಂಟಿಸುವ ಮಹನೀಯರಿಗೆ, ಬಿಳಿಚೋಡಿನಿಂದ

ಮಾನ್ಯರೆ,

ನೀವು ಮಾರುವ ಸೆಲ್ಲಿನ ಮೇಲೆ ನಿಮ್ಮ ಹೆಸರಿಲ್ಲ, ಊರಿಲ್ಲ, ಕಾರ್ಖಾನೆಯ ವಿಳಾಸವಂತೂ ಇಲ್ಲವೇ ಇಲ್ಲ. ಹಾಗಾಗಿ ಈ ಪತ್ರವನ್ನು ಬಹಿರಂಗವಾಗಿಯೇ ಬರೆಯಬೇಕಾಯಿತು. 18650 ಎಂಬ ಲಿಥಿಯಂ ಸೆಲ್ಲಿಗೆ 9800 ಎಂಎಎಚ್ (ಸೆಲ್ಲು ಎಷ್ಟು ಚಾರ್ಜು ಹಿಡಿಯುತ್ತದೆಂಬ ಲೆಕ್ಕ) ಎಂಬ ಲೇಬಲ್ ಸುತ್ತಿ ಕಳಿಸಿದ್ದೀರಿ. ಸಂತೆಯಲ್ಲಿ ಕೊಂಡ ಟಾರ್ಚಿನೊಳಗೆ ಕೂತು ಕ್ಷೇಮವಾಗಿ ತಲುಪಿತು.

ಮೊದಲಿಗೆ ಅಭಿನಂದನೆ. 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದದ ಆ ಕೊಳವೆಯಲ್ಲಿ 3500ರ ಆಸುಪಾಸು ತುಂಬುವುದಕ್ಕೇ ಜಪಾನು, ಕೊರಿಯಾದ ದೊಡ್ಡ ಕಂಪನಿಗಳು ವರ್ಷಗಟ್ಟಲೆ ತಿಣುಕಿವೆ. ನೀವು ಪ್ರಿಂಟಿಂಗ್ ಮೆಷಿನ್ ಒಂದನ್ನೇ ಬಳಸಿ ಅದರ ಎರಡೂವರೆ ಪಟ್ಟು ಮೀರಿದಿರಿ. 2019ರಲ್ಲಿ ಲಿಥಿಯಂ-ಅಯಾನ್ ಬ್ಯಾಟರಿಗೆಂದು ಮೂವರಿಗೆ ರಸಾಯನಶಾಸ್ತ್ರದ ನೊಬೆಲ್ ಕೊಟ್ಟರಲ್ಲ, ನಾಲ್ಕನೆಯವರಾಗಿ ನಿಮ್ಮನ್ನು ಕರೆಯದೇ ಹೋದದ್ದು ಘೋರ ಅನ್ಯಾಯ.

ಕುತೂಹಲ ತಡೆಯಲಾಗದೆ ನಿಮ್ಮ ಸೆಲ್ಲನ್ನು ಚಿನ್ನದಂಗಡಿಯ ತಕ್ಕಡಿಗೆ ಹಾಕಿಸಿದೆ. ಅಸಲಿ ಮಾಲು ಸುಮಾರು 45 ಗ್ರಾಂ ತೂಗಬೇಕು. ನಿಮ್ಮದು 30ರ ಹತ್ತಿರವೇ ನಿಂತುಬಿಟ್ಟಿತು. ಅಂಗಡಿಯವರು ನೋಡಿ, "ಇದರಲ್ಲಿ ಮಾಲಿಗಿಂತ ಮೇಕಿಂಗ್ ಚಾರ್ಜೇ ಜಾಸ್ತಿ ಕಣ್ರೀ" ಎಂದು ವಾಪಸು ಕೊಟ್ಟರು.

ನಮ್ಮದು ಜಗಳೂರು ತಾಲ್ಲೂಕು, ಬರಕ್ಕೆ ಹೆಸರಾದ ಸೀಮೆ. ಬೋರ್‌ವೆಲ್ ನಂಬಿದ ಮೇಲೆ ತ್ರೀ-ಫೇಸ್ ಕರೆಂಟು ಯಾವ ಹೊತ್ತಿಗೆ ಬಂದರೂ ಹೊಲಕ್ಕೆ ಓಡಬೇಕು. ಮೆಕ್ಕೆಜೋಳ ತೆನೆ ಕಟ್ಟಿತೆಂದರೆ ಹಂದಿ ಕಾಯಬೇಕು. ಟಾರ್ಚು ಎಳೆಯುವುದು ಒಂದೆರಡು ಆಂಪ್ ಮಾತ್ರ. ಹೀಗಾಗಿ ನಿಮ್ಮ ಸುಳ್ಳು ನಮ್ಮ ಪಾಲಿಗೆ ಬರೀ ಕತ್ತಲೆ: ಬೆಳಗಿನ ತನಕ ಉರಿಯಬೇಕಾದದ್ದು ಹಂದಿ ಬರುವ ಹೊತ್ತಿಗೆ ಸರಿಯಾಗಿ ಮಂಕಾಗುತ್ತದೆ. ಬೈದುಕೊಂಡು ಮನೆಗೆ ಬರುತ್ತೇವೆ, ಅಷ್ಟೇ.

ನನ್ನ ಚಿಂತೆ ಅದೇ ಸೆಲ್ಲು ಇ-ಸಿಗರೇಟಿನೊಳಗೆ ಹೋಗಿ ಕೂತಾಗಿನದು. ಬೆಂಗಳೂರಿನಿಂದ ಹಬ್ಬಕ್ಕೆ ಬರುವ ಹುಡುಗರ ಜೇಬಿನಲ್ಲಿ ಅದೂ ಬರುತ್ತದೆ. ಪರದೆ ಇದೆ, ವ್ಯಾಟ್ ಏರಿಸಲು ಇಳಿಸಲು ಗುಂಡಿ ಇದೆ. ಅವರು ಗುಂಡಿ ಒತ್ತುವುದು ನಿಮ್ಮ ಲೇಬಲ್ ನಂಬಿಕೊಂಡು. 80 ವ್ಯಾಟ್‌ಗೆ ಇಟ್ಟರೆ ತುಂಬಿದ ಒಂಟಿ ಸೆಲ್ಲು 4.2 ವೋಲ್ಟಿನಲ್ಲಿ 19 ಆಂಪ್ ಕೊಡಬೇಕು. ಸೇದುತ್ತಾ ಸೇದುತ್ತಾ ಅದು 3.2 ವೋಲ್ಟಿಗೆ ಇಳಿಯಿತೆನ್ನಿ, ಆಗ ಅದೇ 80 ವ್ಯಾಟಿಗೆ 25 ಆಂಪ್. ಸೆಲ್ಲು ಸುಸ್ತಾದಷ್ಟೂ ಹೊರೆ ಜಾಸ್ತಿ. ಒಳಗೆ ಸರ್ಕ್ಯೂಟೇ ಇಲ್ಲದೆ ಕರೆಂಟನ್ನು ನೇರ ಕಾಯಿಲ್‌ಗೆ ಬಿಡುವ ಜಾತಿಯದೂ ಉಂಟು. ಅದರಲ್ಲಿ 0.1 ಓಮ್ ಕಾಯಿಲ್ ಹಾಕಿದರೆ 42 ಆಂಪ್! ಲೆಕ್ಕವೇನೂ ದೊಡ್ಡದಲ್ಲ, ಹತ್ತನೇ ಕ್ಲಾಸಿನ ಓಮನ ನಿಯಮ. 20, 25 ಆಂಪ್ ತಾಳುವ ಅಸಲಿ ಸೆಲ್ಲುಗಳು ಸಾಮಾನ್ಯವಾಗಿ 2000ದಿಂದ 3000 ಎಂಎಎಚ್‌ನವು. ಎಂಎಎಚ್ ಮೇಲೇರಿದಂತೆ ಆಂಪ್ ತಾಳುವ ಶಕ್ತಿ ಇಳಿಯುತ್ತದೆ. 9800 ಎಂದು ಓದಿದವನು ಹೆದರಿ ಓಡಬೇಕಿತ್ತು. ಅವನು ಖುಷಿಯಿಂದ ವ್ಯಾಟ್ ಏರಿಸುತ್ತಾನೆ. ಫ್ಯೂಸು ಪದೇ ಪದೇ ಹೋಗುತ್ತದೆಂದು ದಪ್ಪ ತಂತಿ ಬಿಗಿಯುವ ಪಂಡಿತರು ನಮ್ಮ ಪಂಪ್‌ಸೆಟ್ಟುಗಳ ಹತ್ತಿರವೂ ಇದ್ದಾರೆ. ಫ್ಯೂಸು ಗಟ್ಟಿಯಾಗಿ ನಿಲ್ಲುತ್ತದೆ, ಮೋಟಾರು ಸುಡುತ್ತದೆ.

ನೀವು ಸುತ್ತುವ ಆ ತೆಳು ಪ್ಲಾಸ್ಟಿಕ್ಕಿನ ಬಗ್ಗೆಯೂ ಎರಡು ಮಾತು. ಸೆಲ್ಲಿನ ಇಡೀ ಲೋಹದ ಮೈ ನೆಗೆಟಿವ್. ಮೇಲ್ತುದಿಯ ಪಾಸಿಟಿವ್ ಗುಬ್ಬಿಯ ಸುತ್ತಲಿನ ಅಂಚು ಕೂಡ ನೆಗೆಟಿವ್ವೇ. ನಡುವೆ ಒಂದು ಕಾಗದದ ಬಳೆ, ಮೇಲೊಂದು ಪ್ಲಾಸ್ಟಿಕ್ ಹೊದಿಕೆ. ಅದು ಅಲ್ಲಿ ಉಗುರಿನಷ್ಟು ಹರಿದರೂ ಶಾರ್ಟ್ ಸರ್ಕ್ಯೂಟಿಗೆ ಸಾಕು. ಹರಿಯದಿದ್ದರೂ, ಬಿಡಿ ಸೆಲ್ಲನ್ನು ಬೀಗದ ಕೈ, ಚಿಲ್ಲರೆ ಜೊತೆ ಪ್ಯಾಂಟಿನ ಜೇಬಿಗೆ ಹಾಕಿಕೊಂಡರೆ ಆ ಚಿಲ್ಲರೆಯೇ ತಂತಿ. ಅಮೆರಿಕದಲ್ಲಿ 2009ರಿಂದ 2016ರವರೆಗೆ ವರದಿಯಾದ 195 ಇ-ಸಿಗರೇಟು ಬೆಂಕಿ, ಸ್ಫೋಟಗಳಲ್ಲಿ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಆದದ್ದು ಜೇಬಿನಲ್ಲಿ. ಆಮೇಲೆ 2018ರಲ್ಲಿ ಫ್ಲಾರಿಡಾದಲ್ಲಿ, 2019ರಲ್ಲಿ ಟೆಕ್ಸಾಸ್‌ನಲ್ಲಿ ಸೇದುವಾಗಲೇ ಸಿಡಿದು ಒಬ್ಬೊಬ್ಬರು ಸತ್ತರು.

ನೀವು ಕೇಳಬಹುದು, ಇಂಡಿಯಾದಲ್ಲಿ ಇ-ಸಿಗರೇಟು ಬ್ಯಾನ್ ಅಲ್ಲವೇ ಎಂದು. ಹೌದು ಸ್ವಾಮಿ. ಕರ್ನಾಟಕ 2016ರಲ್ಲೇ ಮಾರಾಟ ನಿಲ್ಲಿಸಿತು. 2019ರ ಕೇಂದ್ರ ಕಾಯ್ದೆ ತಯಾರಿಕೆ, ಆಮದು, ಮಾರಾಟ, ಜಾಹೀರಾತು, ದಾಸ್ತಾನು ಎಲ್ಲವನ್ನೂ ನಿಷೇಧಿಸಿತು. ಮಾರಿದವನ ಮೊದಲ ತಪ್ಪಿಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ನಿಷೇಧ ಸರಿ ಎಂಬುದೇ ನನ್ನ ಮತ. ಆದರೆ ಅದರಿಂದ ಅತಿ ಹೆಚ್ಚು ಲಾಭ ಆದದ್ದು ನಿಮಗೆ. ಕದ್ದು ಕೊಂಡವನು ಬಿಲ್ಲು ಕೇಳುವುದಿಲ್ಲ, ಗ್ಯಾರಂಟಿ ಕೇಳುವುದಿಲ್ಲ. ತೊಡೆ ಸುಟ್ಟರೆ ಗ್ರಾಹಕರ ಆಯೋಗಕ್ಕೆ ಹೋಗುವುದಿಲ್ಲ. ಡಾಕ್ಟರ ಮುಂದೆ ಬಿಸಿನೀರು ಬಿತ್ತು ಅನ್ನುತ್ತಾನೆ, ಅವರವ್ವನ ಮುಂದೆಯೂ ಅದನ್ನೇ ಅನ್ನುತ್ತಾನೆ. ಇಷ್ಟು ಮರ್ಯಾದಸ್ಥ ಗಿರಾಕಿ ಬೇರೆ ಯಾವ ವ್ಯಾಪಾರಕ್ಕೂ ಸಿಕ್ಕಿಲ್ಲ.

ನಿಮ್ಮಲ್ಲಿ ನಾನು ಬೇಡುವುದು ಏನೂ ಇಲ್ಲ. ಮುಂದಿನ ಸಲ ನೀವು 12000 ಎಂದು ಅಚ್ಚು ಹಾಕುತ್ತೀರಿ, ಗೊತ್ತು. ಈ ಪತ್ರ ಓದುವ ನಮ್ಮವರಿಗೆ ಮಾತ್ರ ಒಂದು ಅರಿಕೆ: ಟಾರ್ಚಿಗೇ ಇರಲಿ, ಸ್ಪ್ರೇಯರಿಗೇ ಇರಲಿ, ಲಿಥಿಯಂ ಸೆಲ್ಲು ಕೊಳ್ಳುವಾಗ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತು, ಐಎಸ್ 16046 ಎಂಬ ಸಂಖ್ಯೆ, 'ಆರ್' ಅಕ್ಷರದಿಂದ ಶುರುವಾಗುವ ನೋಂದಣಿ ನಂಬರು ಇದೆಯೇ ನೋಡಿ. ಆ ನಂಬರನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರ ಮಾಲು ಎಂದು ತಿಳಿಯುತ್ತದೆ. ಹೊದಿಕೆ ಹರಿದ ಸೆಲ್ಲನ್ನು ಮತ್ತೆ ಚಾರ್ಜಿಗೆ ಹಾಕಬೇಡಿ, ತಿಪ್ಪೆಗೂ ಎಸೆಯಬೇಡಿ. ಹಬ್ಬಕ್ಕೆ ಬಂದ ಹುಡುಗ ನಿಮ್ಮ ಟಾರ್ಚಿನ ಸೆಲ್ಲು ಕೇಳಿದರೆ, ಯಾತಕ್ಕಪ್ಪಾ ಎಂದು ಕೇಳಿ, ಕೊಡಬೇಡಿ.

ಇತಿ,
ಬಿಳಿಚೋಡಿನ ಒಬ್ಬ ಗಿರಾಕಿ