ಮೂರು ಸೂತ್ರ, ಒಂದು ಜೊತೆ ಚಪ್ಪಲಿ

ನಮ್ಮ ಬಡಾವಣೆಯ ಯೋಗ ತರಗತಿ ಬೆಳಗ್ಗೆ ಆರಕ್ಕೆ. ಐದೂಮುಕ್ಕಾಲಿಗೆ ಹೋದರೂ ಫ್ಯಾನಿನ ಕೆಳಗೆ ಜಾಗ ಸಿಗುವುದಿಲ್ಲ. ಮನುಷ್ಯರು ಬರುವ ಮೊದಲೇ ಅವರ ಮ್ಯಾಟುಗಳು ಬಂದು ಮಲಗಿರುತ್ತವೆ. ಬಸ್ಸಿನ ಕಿಟಕಿಯಿಂದ ಟವಲ್ ಎಸೆದು ಸೀಟು ಹಿಡಿಯುವ ವಿದ್ಯೆಯನ್ನು ನಮ್ಮವರು ಯೋಗಕ್ಕೂ ತಂದಿದ್ದಾರೆ. ಒಬ್ಬರಂತೂ ತಮಗೊಂದು, ಇನ್ನೂ ಹಾಸಿಗೆ ಬಿಡದ ಹೆಂಡತಿಗೊಂದು, ಬಂದರೂ ಬರಬಹುದಾದ ಷಡ್ಡಕನಿಗೊಂದು ಹಾಸಿಟ್ಟಿದ್ದರು. ಗೋಡೆಯ ಫ್ಲೆಕ್ಸಿನಲ್ಲಿ ಪತಂಜಲಿಯ ಎಂಟು ಅಂಗಗಳ ಪಟ್ಟಿಯಿದೆ. ಮೊದಲ ಅಂಗವಾದ ಯಮದಲ್ಲಿ ಐದನೆಯದು ಅಪರಿಗ್ರಹ, ಅಂದರೆ ಬೇಡದ್ದನ್ನು ಬಾಚಿಕೊಳ್ಳದಿರುವುದು. ಸರಿಯಾಗಿ ಆ ಮೂಲೆಯ ಮೇಲೆ ಯಾರದೋ ಬ್ಯಾಗು ನೇತಾಡುತ್ತಿರುತ್ತದೆ.

“ಮೇಷ್ಟ್ರೇ, ಯಮ ನಿಯಮ ಯಾವಾಗ ಶುರು?” ಎಂದು ಕೇಳಿದೆ.

“ಅದೆಲ್ಲ ಥಿಯರಿ ಸಾರ್. ಮೊದಲು ಹೊಟ್ಟೆ ಕರಗಲಿ.”

ಪತಂಜಲಿಯ ಲೆಕ್ಕವೇ ಬೇರೆ. ಯೋಗಸೂತ್ರದ 195 ಸೂತ್ರಗಳಲ್ಲಿ ಆಸನಕ್ಕೆ ಸಿಕ್ಕಿದ್ದು ಮೂರೇ ಮೂರು. ಅಲ್ಲಾಡದೆ ಹಿತವಾಗಿ ಕೂತುಕೋ ಎಂದು ಹೇಳಿ ಆತ ಮುಂದಿನ ಕೆಲಸಕ್ಕೆ ಹೋಗುತ್ತಾನೆ. ಆ ಕೆಲಸ ಚಿತ್ತದ ಅಲೆದಾಟ ನಿಲ್ಲಿಸುವುದು, ನೋಡುವವನನ್ನು ನೋಟದ ಅಂಟಿನಿಂದ ಬಿಡಿಸುವುದು. ಪುರುಷ ಬೇರೆ, ಪ್ರಕೃತಿ ಬೇರೆ ಎಂದು ಸಾಂಖ್ಯರು 25 ತತ್ವಗಳ ಮನೆ ಕಟ್ಟಿದ್ದರು. ಯೋಗದವರು ಅದೇ ಮನೆಯಲ್ಲಿ ಈಶ್ವರನಿಗೂ ಒಂದು ಕೋಣೆ ಕೊಟ್ಟರು, ಜಗತ್ತು ಸೃಷ್ಟಿಸುವ ಕೆಲಸವನ್ನು ಮಾತ್ರ ಕೊಡಲಿಲ್ಲ. ಇಷ್ಟೆಲ್ಲ ಪಟ್ಟು ಕೊನೆಗೆ ಸಿಗುವುದು ಕೈವಲ್ಯ. ಹಾಗೆಂದರೆ ಒಬ್ಬನೇ ಉಳಿಯುವುದು. ಗ್ರೂಪ್ ಫೋಟೋಗೆ ಅಲ್ಲಿ ಅನುಕೂಲವಿಲ್ಲ.

ನಾವು ಮಾಡುವ ಪ್ರತಿಯೊಂದು ಭಂಗಿಗೂ ಐದು ಸಾವಿರ ವರ್ಷ ಎನ್ನುತ್ತಾರೆ ಮೇಷ್ಟ್ರು. ಕಠೋಪನಿಷತ್ತು ಇಂದ್ರಿಯಗಳೆಂಬ ಕುದುರೆಗಳಿಗೆ ಮನಸ್ಸಿನ ಲಗಾಮು ಹಾಕಿಸುತ್ತದೆಯೇ ಹೊರತು ಯಾರ ಸೊಂಟವನ್ನೂ ಬಗ್ಗಿಸುವುದಿಲ್ಲ. ಅದಕ್ಕೆ ಹಠಯೋಗಿಗಳು ಬರಬೇಕಾಯಿತು. ಅವರ ಹೆಸರಾಂತ ಕೈಪಿಡಿ, 15ನೆಯ ಶತಮಾನದ ಹಠಯೋಗಪ್ರದೀಪಿಕೆ, ಹೇಳುವುದು ಹದಿನೈದು ಆಸನ; ನಿಂತು ಮಾಡುವಂಥದ್ದು ಒಂದೂ ಇಲ್ಲ. ಸೂರ್ಯನಮಸ್ಕಾರವನ್ನು ವ್ಯಾಯಾಮವಾಗಿ ಹಬ್ಬಿಸಿದವರು ಔಂಧ್ ಸಂಸ್ಥಾನದ ರಾಜರು, 1920ರ ದಶಕದಲ್ಲಿ. 1930ರ ದಶಕದಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, ಮೈಸೂರಿನ ಜಗನ್ಮೋಹನ ಅರಮನೆಯ ಯೋಗಶಾಲೆಯಲ್ಲಿ, ತಿರುಮಲೈ ಕೃಷ್ಣಮಾಚಾರ್ಯರು ಆಸನಗಳನ್ನು ಉಸಿರಿನ ದಾರದಲ್ಲಿ ಪೋಣಿಸಿ ಹುಡುಗರಿಗೆ ಕಲಿಸಿದರು. ಅವರ ‘ಯೋಗ ಮಕರಂದ’ 1934ರಲ್ಲಿ ಅಚ್ಚಾದದ್ದು ಕನ್ನಡದಲ್ಲಿ. ಶಿಷ್ಯ ಪಟ್ಟಾಭಿ ಜೋಯಿಸರನ್ನು ಹುಡುಕಿಕೊಂಡು ಜಗತ್ತು ಮೈಸೂರಿನ ಗೋಕುಲಂಗೆ ಬಂತು, ಬಿ.ಕೆ.ಎಸ್. ಅಯ್ಯಂಗಾರರನ್ನು ಹುಡುಕಿಕೊಂಡು ಪುಣೆಗೆ ಹೋಯಿತು. ಲೆಕ್ಕ ಹಾಕಿದರೆ ನಮ್ಮ ತರಗತಿಯ ಅರ್ಧ ಕಸರತ್ತು ನಮ್ಮಜ್ಜಿಯ ಒರಳುಕಲ್ಲಿಗಿಂತ ಚಿಕ್ಕದು. ಅದರಲ್ಲಿ ಕೊರತೆಯೇನೂ ಇಲ್ಲ. ಅರಮನೆಯಲ್ಲಿ ಬೆಳೆದ ಕೂಸಿಗೆ ಸುಳ್ಳು ಜಾತಕ ಯಾಕೆ ಬರೆಸಬೇಕು ಅಂತ ಅಷ್ಟೇ.

ಜೂನ್ 21 ಬಂತು. 2014ರಲ್ಲಿ 177 ದೇಶಗಳು ಸಹಪ್ರಾಯೋಜಕರಾಗಿ ನಿಂತು ವಿಶ್ವಸಂಸ್ಥೆಯಲ್ಲಿ ಒಪ್ಪಿಸಿದ ಯೋಗ ದಿನ. ನಮ್ಮಲ್ಲಿ ಉದ್ಘಾಟಕರು ಬರುವುದು ತಡವಾಗಿ, ನಲವತ್ತು ನಿಮಿಷ ಎಲ್ಲರಿಗೂ ಶವಾಸನ. ಅವರು ಬಂದು, ದೀಪ ಹಚ್ಚಿ, ಹೋದರು. ಹೊರಗೆ ಬಂದರೆ ನನ್ನ ಚಪ್ಪಲಿ ಇಲ್ಲ.

ಅಸ್ತೇಯ, ಅಂದರೆ ಕದಿಯದಿರುವುದು, ಯಮದಲ್ಲಿ ಮೂರನೆಯದು. ಅದು ಕೈಕೊಟ್ಟ ಆ ಮೆಟ್ಟಿಲ ಮೇಲೆ ಪತಂಜಲಿ ಎಣಿಸಿದ ಐದು ಚಿತ್ತವೃತ್ತಿಗಳೂ ನನಗೆ ದರ್ಶನ ಕೊಟ್ಟವು. ಖಾಲಿ ಜಾಗ ಕಣ್ಣಾರೆ ಕಂಡದ್ದು ಪ್ರಮಾಣ. ಪಕ್ಕದ ಜೋಡಿಯೇ ನನ್ನದೆಂದು ಕಾಲು ತೂರಿಸಿ ಬೈಸಿಕೊಂಡದ್ದು ವಿಪರ್ಯಯ. ಒಯ್ದವರು ತಾವಾಗಿಯೇ ತಂದಿಡುತ್ತಾರೆ ಎಂದುಕೊಂಡೆ. ಮಾತಷ್ಟೇ ಇದ್ದು ವಸ್ತುವಿಲ್ಲದ ಇದಕ್ಕೆ ವಿಕಲ್ಪ ಎನ್ನುತ್ತಾರೆ. ಒಳಗೆ ಷಡ್ಡಕನ ಮ್ಯಾಟಿನ ಮೇಲೆ ಯಾರೋ ಇನ್ನೂ ಗೊರಕೆ ಹೊಡೆಯುತ್ತಿದ್ದರು, ನಿದ್ರೆಯ ಲೆಕ್ಕ ಅವರು ತೀರಿಸಿದರು. ಕೊಟ್ಟ ಸಾವಿರದ ಇನ್ನೂರು ರೂಪಾಯಿ ಮಾತ್ರ ನನ್ನ ಪಾಲಿನ ಸ್ಮೃತಿ.

ಮೇಷ್ಟ್ರಿಗೆ ಹೇಳಿದೆ. “ಬಿಟ್ಟುಬಿಡಿ ಸಾರ್. ಅಪರಿಗ್ರಹ” ಎಂದರು.

ಅವರ ಚಪ್ಪಲಿ ಒಳಗೆ, ಫ್ಲೆಕ್ಸಿನ ಕೆಳಗೆ, ಪ್ಲಾಸ್ಟಿಕ್ ಕವರಿನಲ್ಲಿತ್ತು.